ಬೀಟ್ ಪೊಲೀಸರನ್ನು ಬೀಟ್‌ನಲ್ಲೇ ಉಳಿಸಿಕೊಡಿ: ಗೃಹ ಸಚಿವರಿಗೆ ಮಲೆನಾಡಿನಿಂದ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಗೃಹ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಪ್ರತಿ: ರಾಜ್ಯದ ಪೊಲೀಸ್ ಮಹಾನಿರ್ದೇಶಕರ ಅವಗಾಹನೆಗೆ.

ವಿಷಯ: ಗ್ರಾಮೀಣ ಠಾಣೆಗಳಲ್ಲಿ ಬೀಟ್ ಕೆಲಸಕ್ಕೆ ಪ್ರತ್ಯೇಕ ಸಿಬ್ಬಂದಿ, ವಾಹನ ಮತ್ತು ಅವಧಿ ನಿಗದಿಪಡಿಸುವ ಕುರಿತು.

ಮಾನ್ಯರೇ,

ನಾನು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ತಾಲ್ಲೂಕೊಂದರಲ್ಲಿ ಕಾಫಿ, ಮೆಣಸು ಬೆಳೆದು ಬದುಕುವವನು. ಬೀಟ್ ಎಂದರೆ ಒಬ್ಬ ಪೊಲೀಸ್ ಸಿಬ್ಬಂದಿಗೆ ವಹಿಸಿದ ಪ್ರದೇಶ; ನಮ್ಮ ಠಾಣೆಯ ಬೀಟ್ ನಾಗರಿಕ ಸದಸ್ಯರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಆ ಕಾರಣದಿಂದ ಠಾಣೆಯ ಒಳಗಿನ ಕಷ್ಟವನ್ನು ಸ್ವಲ್ಪ ಹತ್ತಿರದಿಂದಲೇ ಕಂಡಿದ್ದೇನೆ. ಠಾಣೆಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಬರೆದರೆ ಮೇಲಿನಿಂದ ಹೊರಡುವ ಮೊದಲ ನೋಟಿಸ್ ಅಲ್ಲಿನ ಸಬ್‌ಇನ್‌ಸ್ಪೆಕ್ಟರ್ ಕೈಗೇ ಹೋಗುತ್ತದೆ. ನನ್ನ ದೂರು ಅವರ ಮೇಲಲ್ಲ. ಅವರಿಗೆ ಜನ ಕೊಡದೆ ಕೆಲಸ ಮಾತ್ರ ಕೊಡುತ್ತಾ ಬಂದಿರುವ ಪದ್ಧತಿಯ ಮೇಲೆ.

2025ರ ಜುಲೈನಲ್ಲಿ ತಮ್ಮ ಇಲಾಖೆ ‘ಮನೆ ಮನೆಗೆ ಪೊಲೀಸ್’ ಆರಂಭಿಸಿದಾಗ ನಮ್ಮ ಕಡೆ ಅದನ್ನು ಮನಸಾರೆ ಸ್ವಾಗತಿಸಿದವರೇ ಹೆಚ್ಚು. ನಮ್ಮ ಮನೆಗೂ ಬೀಟ್ ಸಿಬ್ಬಂದಿ ಬಂದರು. ಜಗಲಿಯಲ್ಲಿ ಕುಳಿತು ಮನೆಯಲ್ಲಿ ಯಾರಿದ್ದಾರೆ, ಒಂಟಿಯಾಗಿರುವ ಹಿರಿಯರು ಅಕ್ಕಪಕ್ಕದಲ್ಲಿ ಯಾರಿದ್ದಾರೆ, ಹೊರಗಿನಿಂದ ಬಂದ ಕಾರ್ಮಿಕರು ಎಲ್ಲಿದ್ದಾರೆ, ಸೈಬರ್ ವಂಚನೆಯಾದರೆ 1930ಕ್ಕೆ ಹೇಗೆ ಕರೆ ಮಾಡಬೇಕು ಎಂದೆಲ್ಲ ಮಾತನಾಡಿದರು. ನಮ್ಮ ತಾಯಿ ಅವರಿಗೆ ಕಾಫಿ ಕೊಟ್ಟು, ‘ಪೊಲೀಸರು ಮನೆಗೆ ಬಂದರೆ ಹೆದರಬೇಕಾಗಿಲ್ಲ ಎಂದು ಈಗ ತಿಳಿಯಿತು’ ಎಂದರು. ಯೋಜನೆಯ ಉದ್ದೇಶ ಆ ಒಂದು ಮಾತಿನಲ್ಲೇ ಈಡೇರಿತ್ತು ಎನ್ನಬಹುದು. ಆದರೆ ಅದೇ ಸಿಬ್ಬಂದಿ ಮತ್ತೆ ನಮ್ಮ ರಸ್ತೆಗೆ ಬರಲು ಆಗಲಿಲ್ಲ. ವಿಚಾರಿಸಿದಾಗಲೆಲ್ಲ ಉತ್ತರ ಒಂದೇ: ಅವರು ಬಂದೋಬಸ್ತಿಗೆ ಹೋಗಿದ್ದಾರೆ, ಸಮನ್ಸ್ ಜಾರಿಗೆ ಹೋಗಿದ್ದಾರೆ, ಕೋರ್ಟಿಗೆ ಹೋಗಿದ್ದಾರೆ, ಒಒಡಿ (ಬೇರೆ ಕಚೇರಿಯ ಕರ್ತವ್ಯ) ಮೇಲೆ ಹೋಗಿದ್ದಾರೆ.

ಇದು ಹೊಸ ಕೊರತೆಯೇನಲ್ಲ. 2017ರಲ್ಲಿ ಸುಧಾರಿತ ಬೀಟ್ ವ್ಯವಸ್ಥೆ ರಾಜ್ಯದಾದ್ಯಂತ ಬಂದಾಗಲೂ ಆಲೋಚನೆ ಚೆನ್ನಾಗಿಯೇ ಇತ್ತು. ಠಾಣೆಯ ಒಬ್ಬೊಬ್ಬ ಸಿಬ್ಬಂದಿಗೂ ಒಂದೊಂದು ಬೀಟ್, ಪ್ರತಿ ಬೀಟ್‌ಗೂ ಊರಿನ ನಾಗರಿಕ ಸದಸ್ಯರು, ಆ ಪ್ರದೇಶದ ಆಗುಹೋಗುಗಳಿಗೆ ಆ ಸಿಬ್ಬಂದಿಯೇ ಹೊಣೆ. ನನ್ನ ಹೆಸರು ಪಟ್ಟಿಗೆ ಸೇರಿದ್ದೂ ಆಗಲೇ. ಮೊದಲ ಸಭೆಗಳು ಉತ್ಸಾಹದಿಂದ ನಡೆದವು. ಆಮೇಲೆ ಸಭೆಯ ಅಂತರ ಹಿಗ್ಗಿತು. ಸಭೆ ಕರೆಯಬೇಕಾದವರು ಠಾಣೆಯಲ್ಲೇ ಇರುತ್ತಿರಲಿಲ್ಲ. ಹೊಸ ಹೆಸರಿನಲ್ಲಿ ಯೋಜನೆ ಮರಳಿ ಬಂದಾಗಲೂ ಠಾಣೆಯ ಹಾಜರಿ ಪುಸ್ತಕದಲ್ಲಿ ಒಂದು ಹೆಸರೂ ಹೆಚ್ಚಾಗಲಿಲ್ಲ. ಯೋಜನೆಯ ಹೆಸರು ಬದಲಾಯಿಸಲು ಒಂದು ಸುತ್ತೋಲೆ ಸಾಕು, ಅದನ್ನು ನಡೆಸಲು ಮನುಷ್ಯರು ಬೇಕು ಎಂಬುದನ್ನು ತಮಗೆ ಹೇಳಬೇಕಾದ ಅಗತ್ಯವಿಲ್ಲ ಎಂದುಕೊಂಡಿದ್ದೇನೆ.

ಮಂಜೂರಾದ ಹುದ್ದೆಗಳ ಸಂಖ್ಯೆ ನೋಡಿದರೆ ಠಾಣೆಯ ಸ್ಥಿತಿ ತಿಳಿಯುವುದಿಲ್ಲ. ಬೆಳಿಗ್ಗೆ ಹಾಜರಿಯ ಹೊತ್ತಿಗೆ ಅಲ್ಲಿ ನಿಂತು ನೋಡಬೇಕು. ಒಬ್ಬರು ರೈಟರ್ ಕೆಲಸಕ್ಕೆ, ಒಬ್ಬರು ಸೆಂಟ್ರಿಗೆ, ಒಬ್ಬರು ನ್ಯಾಯಾಲಯಕ್ಕೆ, ಒಬ್ಬರು ಕಂಪ್ಯೂಟರ್ ಮುಂದೆ, ಪಾಸ್‌ಪೋರ್ಟ್ ಪರಿಶೀಲನೆಗೆ ಒಬ್ಬರು, 112 ತುರ್ತು ಕರೆಯ ವಾಹನಕ್ಕೆ ಪಾಳಿಯ ಮೇಲೆ ಇಬ್ಬರು, ವಾರಂಟ್ ಜಾರಿಗೆ ಹೊರ ಜಿಲ್ಲೆಗೆ ಹೋದವರು ಬೇರೆ. ರಾತ್ರಿ ಗಸ್ತು ಮುಗಿಸಿದವರು ನಿದ್ದೆ ಮಾಡಬೇಕು. ರಜೆ, ತರಬೇತಿ, ಅನಾರೋಗ್ಯ ಇದ್ದೇ ಇದೆ. ಪತ್ರಾಂಕಿತ ಅಧಿಕಾರಿಗಳ ಕಚೇರಿಗೆ ‘ತಾತ್ಕಾಲಿಕ’ವಾಗಿ ಹೋಗಿ ವರ್ಷಗಟ್ಟಲೆ ಅಲ್ಲೇ ಉಳಿದವರ ಹೆಸರೂ ಠಾಣೆಯ ಪಟ್ಟಿಯಲ್ಲೇ ಇರುತ್ತದೆ. ಇಷ್ಟೆಲ್ಲ ಆದ ಮೇಲೆ ಉಳಿಯುವ ಸಮಯಕ್ಕೆ ಬೀಟ್ ಎಂದು ಹೆಸರು.

ಇನ್ನು ಡಿಸೆಂಬರ್ ತಿಂಗಳ ಮಾತು. ಇದನ್ನು ತಾವು ವಿಶೇಷವಾಗಿ ಗಮನಿಸಬೇಕು. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿಯವರೆಗೆ ನಡೆಯುತ್ತದೆ, ಅದರ ಬೆನ್ನಿಗೆ ರೋಬಸ್ಟಾ, ಆಮೇಲೆ ಮೆಣಸು. ವರ್ಷದ ದುಡಿಮೆಯೆಲ್ಲ ಆ ದಿನಗಳಲ್ಲಿ ಕಣದ ಮೇಲೆ ಬಯಲಿನಲ್ಲಿ ಹರಡಿರುತ್ತದೆ. ಕಾಫಿ ಬೆಲೆ ಏರಿದ ಮೇಲಂತೂ ರಾತ್ರಿ ಕಣ ಕಾಯದ ಮನೆಯಿಲ್ಲ. ತೋಟಗಳಲ್ಲಿ ಹೊರಗಿನ ಕಾರ್ಮಿಕರು ಅತಿ ಹೆಚ್ಚು ಇರುವುದೂ ಆಗಲೇ, ಅವರು ವಾಸಿಸುವ ಲೈನ್ ಮನೆಗಳಲ್ಲಿ ಜಗಳ, ಕುಡಿತ, ಕೂಲಿಯ ತಕರಾರು ಹೆಚ್ಚುವುದೂ ಆಗಲೇ. ಪೊಲೀಸರು ಬೀಟ್‌ನಲ್ಲಿ ಕಾಣಿಸಿಕೊಳ್ಳಬೇಕಾದ ಕಾಲವೊಂದಿದ್ದರೆ ಅದು ಇದು. ಸರಿಯಾಗಿ ಅದೇ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಕೂಡುತ್ತದೆ. ಬೇರೆ ಬೇರೆ ಜಿಲ್ಲೆಗಳಿಂದ ಪೊಲೀಸರು ಬಂದೋಬಸ್ತಿಗೆ ಅಲ್ಲಿಗೆ ಹೊರಡುತ್ತಾರೆ. ಅದೇ ತಿಂಗಳು ಬಾಬಾಬುಡನ್‌ಗಿರಿಯಲ್ಲಿ ದತ್ತ ಜಯಂತಿ. ಜಿಲ್ಲೆಯ ಠಾಣೆಗಳೆಲ್ಲ ಬಹುತೇಕ ಗಿರಿಯ ದಾರಿಯಲ್ಲಿ ನಿಂತಿರುತ್ತವೆ. ಅದಕ್ಕೂ ಮೊದಲು ಗಣೇಶ ವಿಸರ್ಜನೆ, ಮೈಸೂರು ದಸರಾ, ಹಾಸನಾಂಬೆಯ ದರ್ಶನ ಮುಗಿದಿರುತ್ತವೆ. ಈ ಕರ್ತವ್ಯಗಳು ಅನಗತ್ಯ ಎನ್ನುವ ಅವಿವೇಕಿ ನಾನಲ್ಲ. ಗಿರಿಯಲ್ಲಿ ಶಾಂತಿ ಕೆಟ್ಟರೆ ಅದರ ಬಿಸಿ ನಮ್ಮೂರಿನ ಸಂತೆಗೂ ತಟ್ಟುತ್ತದೆ ಎಂಬುದನ್ನು ಬಲ್ಲೆ. ಆದರೆ ಯಾವ ತಿಂಗಳು ಎಲ್ಲಿಗೆ ಎಷ್ಟು ಜನ ಬೇಕು ಎಂಬುದು ಪ್ರತಿ ವರ್ಷವೂ ಮೊದಲೇ ತಿಳಿದಿರುವ ಸಂಗತಿ. ತಿಳಿದಿರುವುದಕ್ಕೆ ಪ್ರತಿ ವರ್ಷವೂ ಬೀಟ್‌ನವರನ್ನೇ ಏಕೆ ಎತ್ತಬೇಕು?

ಕಳೆದ ಕೊಯ್ಲಿನಲ್ಲಿ ನಮ್ಮ ನೆರೆಯ ಸಣ್ಣ ಬೆಳೆಗಾರರೊಬ್ಬರ ಕಣದಿಂದ ಒಣಗಿದ ಕಾಫಿಯ ಮೂಟೆಗಳು ರಾತ್ರೋರಾತ್ರಿ ಹೋದವು. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ, ಇಬ್ಬರಿಗೂ ಎಪ್ಪತ್ತು ದಾಟಿದೆ. ನಾನೇ ಅವರನ್ನು ಠಾಣೆಗೆ ಕರೆದುಕೊಂಡು ಹೋದೆ. ಠಾಣೆಯಲ್ಲಿ ಇದ್ದದ್ದು ಸೆಂಟ್ರಿ ಮತ್ತು ದೂರವಾಣಿ ನೋಡಿಕೊಳ್ಳುವ ಮಹಿಳಾ ಸಿಬ್ಬಂದಿ. ಆಕೆ ಗೌರವದಿಂದಲೇ ಕೂರಿಸಿದರು, ನೀರು ಕೊಟ್ಟರು, ‘ಎಎಸ್ಐ ಸಾಹೇಬರು ಬರುವವರೆಗೆ ಕಾಯಬೇಕು’ ಎಂದರು. ಬಂದವರು ಪಕ್ಕದ ಠಾಣೆಯ ಹೊಣೆಯನ್ನೂ ಹೊತ್ತು ಓಡಾಡುತ್ತಿದ್ದವರು. ದೂರು ದಾಖಲಾಯಿತು. ಆದರೆ ಕಣಕ್ಕೆ ಬಂದು ನೋಡುವಷ್ಟರಲ್ಲಿ ಗಾಡಿಯ ಚಕ್ರದ ಗುರುತುಗಳ ಮೇಲೆ ತೋಟದ ಟ್ರ್ಯಾಕ್ಟರ್ ಓಡಾಡಿಯಾಗಿತ್ತು. ಆ ಬೀಟ್‌ನ ಸಿಬ್ಬಂದಿ ಆಗ ಬೆಳಗಾವಿಯಲ್ಲಿದ್ದರು. ಅವರು ಊರಲ್ಲಿದ್ದಿದ್ದರೆ ಆ ವಾರ ಯಾವ ಹೊಸ ಪಿಕಪ್ ವಾಹನ ರಸ್ತೆಯಲ್ಲಿ ಓಡಾಡಿತು, ಯಾವ ವ್ಯಾಪಾರಿ ಚೀಟಿಯಿಲ್ಲದೆ ಕಾಫಿ ಕೊಳ್ಳುತ್ತಾನೆ ಎಂಬುದನ್ನು ಅರ್ಧ ದಿನದಲ್ಲಿ ಕೇಳಿ ತಿಳಿಯುತ್ತಿದ್ದರು. ಆ ತಿಳಿವಳಿಕೆ ಯಾವ ಆ್ಯಪ್‌ನಲ್ಲೂ ಇರುವುದಿಲ್ಲ. ಹಿರಿಯರಿಬ್ಬರೂ ಮೆಣಸಿನ ಕೊಯ್ಲಿಗೆ ಮೊದಲೇ ಆ ವರ್ಷದ ಫಸಲನ್ನು ತೋಟದಲ್ಲೇ ಗುತ್ತಿಗೆಗೆ ಕೊಟ್ಟುಬಿಟ್ಟರು. ಕಾಯುವ ಧೈರ್ಯ ಉಳಿದಿಲ್ಲ ಎಂದರು.

‘ಮನೆ ಮನೆಗೆ ಪೊಲೀಸ್’ ಯೋಜನೆಯ ಲೆಕ್ಕಾಚಾರದಲ್ಲೇ ಇರುವ ಒಂದು ತೊಡಕನ್ನೂ ಹೇಳಬೇಕು. 40ರಿಂದ 50 ಮನೆಗಳಿಗೆ ಒಂದು ಕ್ಲಸ್ಟರ್ (ಗುಂಪು) ಎಂಬುದು ಬೆಂಗಳೂರಿನ ಬಡಾವಣೆಯಲ್ಲಿ ಒಂದೆರಡು ಅಡ್ಡರಸ್ತೆಗಳ ಮಾತು. ಮಲೆನಾಡಿನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ನಡುವೆ ಗುಡ್ಡ, ಹಳ್ಳ, ತೋಟ, ಕಾಡು. ಐವತ್ತು ಮನೆ ಮುಟ್ಟಲು ಹಲವು ಕಿಲೋಮೀಟರ್ ಕಚ್ಚಾ ರಸ್ತೆ ಸುತ್ತಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದರೆ ಕೆಲವು ಮನೆಗಳಿಗೆ ಹೋಗುವ ದಾರಿಯೇ ಇರುವುದಿಲ್ಲ. ಕೊಪ್ಪ, ಶೃಂಗೇರಿ, ಮೂಡಿಗೆರೆ ಕಡೆಯ ಒಳಭಾಗಗಳಲ್ಲಿ ಮೊಬೈಲ್ ನೆಟ್‌ವರ್ಕ್ ಸಿಗುವ ಗುಡ್ಡದ ನೆತ್ತಿ ಯಾವುದು ಎಂದು ಊರವರಿಗೆ ಮಾತ್ರ ಗೊತ್ತು; ಮನೆ ಬಾಗಿಲಲ್ಲಿ ನಿಂತು ಫೋಟೊ, ವಿವರ ದಾಖಲಿಸಿ ಎಂದು ಹೇಳಿದರೆ ಆ ಸಿಬ್ಬಂದಿ ಏನು ಮಾಡಬೇಕು? ಕೇರಳ 2008ರಲ್ಲಿ ಇಂಥದ್ದೇ ಆದ ಜನಮೈತ್ರಿ ಪೊಲೀಸ್ ಯೋಜನೆ ಆರಂಭಿಸಿದಾಗ ಮೊದಲು ಆಯ್ದುಕೊಂಡದ್ದು 20 ಠಾಣೆಗಳನ್ನು ಮಾತ್ರ. ಒಬ್ಬ ಬೀಟ್ ಅಧಿಕಾರಿಗೆ ಸುಮಾರು 500 ಮನೆ ಎಂದು ಹೇಳಿ ಸುಮ್ಮನಾಗದೆ ಸುಮಾರು 3 ಚದರ ಕಿಲೋಮೀಟರ್ ಎಂಬ ವಿಸ್ತಾರದ ಮಿತಿಯನ್ನೂ ಹೇಳಿತು. ಮನೆಯ ಜೊತೆಗೆ ನೆಲವನ್ನೂ ಅಳೆಯಬೇಕು ಎಂಬ ಆ ವಿವೇಕ ನಮ್ಮ ಘಟ್ಟದ ಜಿಲ್ಲೆಗಳಿಗೆ ಇನ್ನೂ ಹೆಚ್ಚು ಬೇಕಾದದ್ದು.

ನಮ್ಮ ಭಾಗಕ್ಕೆ ಬೀಟ್ ಪೊಲೀಸರು ಬೇಕು ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ನಕ್ಸಲ್ ಚಟುವಟಿಕೆಯ ವರ್ಷಗಳನ್ನು ನಾವು ಬದುಕಿ ದಾಟಿದ್ದೇವೆ. 2005ರ ಫೆಬ್ರುವರಿಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಎನ್‌ಕೌಂಟರ್ ನಡೆದದ್ದು ಇದೇ ಜಿಲ್ಲೆಯಲ್ಲಿ. ಆಗ ಕಾಡಂಚಿನ ಮನೆಗಳಿಗೆ ಬರುತ್ತಿದ್ದ ಪೊಲೀಸರೆಂದರೆ ಬಂದೂಕು ಹಿಡಿದ ನಕ್ಸಲ್ ನಿಗ್ರಹ ದಳದವರು. ನಕ್ಸಲರಿಗೆ ಅನ್ನ ಹಾಕಿದಿರಾ ಎಂದು ಇವರು ಕೇಳುತ್ತಿದ್ದರು, ಪೊಲೀಸರಿಗೆ ಮಾಹಿತಿ ಕೊಟ್ಟಿರಾ ಎಂದು ನಕ್ಸಲರು ಕೇಳುತ್ತಿದ್ದರು. ಆದಿವಾಸಿ ಹಾಡಿಗಳ ಜನ ಎರಡೂ ಕಡೆಗೆ ಹೆದರಿ ಬಾಯಿ ಮುಚ್ಚಿಕೊಂಡು ಬದುಕಿದರು. 2025ರ ಜನವರಿಯಲ್ಲಿ ಆರು ಮಂದಿ ಶರಣಾಗಿ ಆ ಅಧ್ಯಾಯ ಮುಗಿಯುವ ಹಂತಕ್ಕೆ ಬಂತು. ಆದರೆ ಭಯದಿಂದ ಕಲಿತ ಮೌನ ಇನ್ನೂ ಹಾಗೆಯೇ ಇದೆ. ಹಾಡಿಯ ಹೆಣ್ಣುಮಗಳ ಮೇಲೆ ದೌರ್ಜನ್ಯವಾದರೆ ಠಾಣೆಗೆ ಹೋಗಬೇಕೆಂಬುದು ಇಂದಿಗೂ ಆ ಮನೆಯವರಿಗೆ ಮೊದಲ ಆಲೋಚನೆಯಾಗಿ ಹೊಳೆಯುವುದಿಲ್ಲ. ಈ ಮೌನವನ್ನು ಕರಗಿಸಲು ಸಮವಸ್ತ್ರದ ಒಬ್ಬರು ಕಾರಣವಿಲ್ಲದೆಯೂ ಬಂದು, ಹೆಸರು ಹಿಡಿದು ಮಾತನಾಡಿಸಿ, ಮತ್ತೆ ಮತ್ತೆ ಬರಬೇಕು. ಅಸ್ಸಾಂ, ಬಂಗಾಳದಿಂದ ಬಂದು ಲೈನ್‌ಗಳಲ್ಲಿ ಇರುವ ಕುಟುಂಬಗಳಿಗೂ ಇದೇ ಮಾತು ಅನ್ವಯ. ಇಂದು ಅವರಿಗೆ ಪೊಲೀಸರು ಎಂದರೆ ಗುರುತಿನ ಚೀಟಿ ತಪಾಸಣೆ. ಕೂಲಿ ಕೊಡದ ಮಾಲೀಕನ ಮೇಲೋ, ಮಗುವನ್ನು ಕೆಲಸಕ್ಕೆ ಹಚ್ಚಿದ ಮೇಸ್ತ್ರಿಯ ಮೇಲೋ ದೂರು ಹೇಳಬಹುದಾದವರು ಎಂದು ಅವರಿಗೆ ಪೊಲೀಸರನ್ನು ಪರಿಚಯಿಸಿದವರು ಯಾರೂ ಇಲ್ಲ.

ಇದು ಸಾಧ್ಯ ಎಂಬುದಕ್ಕೆ ನಮ್ಮ ಬೀಟ್‌ನಲ್ಲೇ ಸಾಕ್ಷಿಯಿತ್ತು. ಕೆಲವು ವರ್ಷಗಳ ಹಿಂದೆ ಒಬ್ಬ ಹೆಡ್ ಕಾನ್‌ಸ್ಟೆಬಲ್ ಇಲ್ಲಿ ಸಾಕಷ್ಟು ಕಾಲ ಉಳಿದಿದ್ದರು. ಸಂತೆಯ ದಿನ ಬಸ್ ನಿಲ್ದಾಣದಲ್ಲಿ ನಿಲ್ಲುತ್ತಿದ್ದರು, ಶಾಲೆಯ ಮುಖ್ಯ ಶಿಕ್ಷಕಿಯ ಬಳಿ ಮಕ್ಕಳ ಹಾಜರಿ ಕೇಳುತ್ತಿದ್ದರು. ಹಾಜರಿ ತಪ್ಪಿದ ಹುಡುಗಿಯೊಬ್ಬಳ ಮನೆಗೆ ಅಂಗನವಾಡಿ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಹೋಗಿ ಮದುವೆ ನಿಲ್ಲಿಸಿದರು. ಪ್ರಕರಣವಾಗಲಿಲ್ಲ, ಪತ್ರಿಕೆಯಲ್ಲಿ ಸುದ್ದಿಯಾಗಲಿಲ್ಲ, ಹುಡುಗಿ ಪಿಯುಸಿ ಮುಗಿಸಿದಳು. ಅಣ್ಣ ತಮ್ಮಂದಿರ ನಡುವೆ ತೋಟದ ದಾರಿಯ ಜಗಳ ಕತ್ತಿ ಹಿಡಿಯುವ ಮಟ್ಟಕ್ಕೆ ಹೋದಾಗ ಇಬ್ಬರನ್ನೂ ಕೂರಿಸಿ, ಸರ್ವೆಗೆ ಅರ್ಜಿ ಹಾಕಿಸಿದರು. ಇಂಥ ಕೆಲಸಗಳು ಇಲಾಖೆಯ ಅಂಕಿಅಂಶಗಳಲ್ಲಿ ಕಾಣಿಸುವುದಿಲ್ಲ, ಏಕೆಂದರೆ ಆಗದೇ ಹೋದ ಅಪರಾಧಕ್ಕೆ ಎಫ್‌ಐಆರ್ ಇರುವುದಿಲ್ಲ. ಅವರ ವರ್ಗಾವಣೆಯಾದ ಮೇಲೆ ಬಂದವರು ಊರಿನ ದಾರಿ ತಿಳಿದುಕೊಳ್ಳುವಷ್ಟರಲ್ಲಿ ಮತ್ತೆ ವರ್ಗವಾದರು. ಠಾಣಾಧಿಕಾರಿಗಳಂಥ ಹುದ್ದೆಗಳಿಗೆ ಕನಿಷ್ಠ ಎರಡು ವರ್ಷದ ಅವಧಿ ಇರಬೇಕೆಂದು ಸುಪ್ರೀಂ ಕೋರ್ಟ್ ಪೊಲೀಸ್ ಸುಧಾರಣೆಯ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು 2006ರ ಸೆಪ್ಟೆಂಬರ್‌ನಲ್ಲಿ. ಕಾನೂನು ಸುವ್ಯವಸ್ಥೆಯ ಕೆಲಸವನ್ನೂ ತನಿಖೆಯನ್ನೂ ಬೇರ್ಪಡಿಸಬೇಕೆಂದೂ ಅದೇ ತೀರ್ಪು ಹೇಳಿತ್ತು. ನಮ್ಮಂಥ ಠಾಣೆಗಳಲ್ಲಿ ಬೆಳಿಗ್ಗೆ ಜಾತ್ರೆಯ ಬಂದೋಬಸ್ತ್ ನೋಡಿದವರೇ ಸಂಜೆ ಕೇಸ್ ಡೈರಿ ಬರೆಯುತ್ತಾರೆ.

ಸಿಬ್ಬಂದಿಯ ಮೇಲಿನ ಭಾರ ಕಡಿಮೆಯಾಗುವ ಬದಲು ಏರುತ್ತಲೇ ಇದೆ. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಬದಲಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಾಗಿದೆ. ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕು, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರನ್ನು ಸ್ಥಳಕ್ಕೆ ಕರೆಸಬೇಕು, ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ಸಂತ್ರಸ್ತರಿಗೆ ತಿಳಿಸಬೇಕು. ಎಲ್ಲವೂ ಒಳ್ಳೆಯ ನಿಯಮಗಳೇ. ಆದರೆ ಇವೆಲ್ಲ ಯಾರ ಸಮಯದಿಂದ ಬರಬೇಕು? ಇನ್ನೊಂದು ಕಡೆ 2021ರಲ್ಲಿ ಅಧಿಸೂಚನೆಯಾದ 545 ಸಬ್‌ಇನ್‌ಸ್ಪೆಕ್ಟರ್ ಹುದ್ದೆಗಳ ನೇಮಕಾತಿ ಪರೀಕ್ಷಾ ಅಕ್ರಮದಿಂದ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅಕ್ರಮ ಮಾಡಿದವರ ಮೇಲೆ ಪ್ರಕರಣ ನಡೆಯಲಿ. ಆದರೆ ಆ ವರ್ಷಗಳಲ್ಲಿ ಅಧಿಕಾರಿಯಿಲ್ಲದೆ ನಡೆದ ಠಾಣೆಗಳ ನಷ್ಟ ಯಾರ ಲೆಕ್ಕಕ್ಕೂ ಬಂದಿಲ್ಲ.

ಪೊಲೀಸರೂ ಮನುಷ್ಯರೇ ಎಂಬುದನ್ನು ಅವರ ಪರವಾಗಿ ನಾಗರಿಕರೇ ಹೇಳಬೇಕಾಗಿದೆ, ಏಕೆಂದರೆ ಶಿಸ್ತಿನ ಇಲಾಖೆಯಲ್ಲಿ ಅವರು ಬಾಯಿ ತೆರೆಯುವಂತಿಲ್ಲ. ಕಾಮನ್ ಕಾಸ್ ಮತ್ತು ಲೋಕನೀತಿ ಸಂಸ್ಥೆಗಳ 2019ರ ವರದಿಯ ಪ್ರಕಾರ ದೇಶದ ಪೊಲೀಸರು ದಿನಕ್ಕೆ ಸರಾಸರಿ 14 ಗಂಟೆ ಕೆಲಸ ಮಾಡುತ್ತಾರೆ; ಸುಮಾರು ಅರ್ಧದಷ್ಟು ಮಂದಿಗೆ ವಾರದ ರಜೆಯೇ ಸಿಗುವುದಿಲ್ಲ. 2016ರ ಜೂನ್ 4ರಂದು ನಮ್ಮ ರಾಜ್ಯದ ಪೊಲೀಸರು ಸಾಮೂಹಿಕ ರಜೆಗೆ ಮುಂದಾದಾಗಲೂ ಕೇಳಿಬಂದ ಅಳಲು ಇದೇ ಆಗಿತ್ತು. ಪೊಲೀಸರ ವೇತನ ಪರಿಶೀಲನೆಗೆ ಔರಾದಕರ್ ಸಮಿತಿ ನೇಮಕವಾಯಿತು, 2019ರಲ್ಲಿ ವೇತನದಲ್ಲಿ ಸ್ವಲ್ಪ ಪರಿಷ್ಕರಣೆಯೂ ಆಯಿತು. ಸಂಬಳದ ಪ್ರಶ್ನೆಗೆ ಒಂದಿಷ್ಟು ಉತ್ತರ ಸಿಕ್ಕಿತೇ ಹೊರತು ಸಮಯದ ಪ್ರಶ್ನೆಗೆ ಸಿಗಲಿಲ್ಲ. ರಾತ್ರಿಯೆಲ್ಲ ಎಚ್ಚರವಿದ್ದು ಹಗಲು ಮನೆ ಮನೆ ಸುತ್ತುವವರಿಂದ ನಗುಮುಖ ನಿರೀಕ್ಷಿಸುವುದು ನ್ಯಾಯವಲ್ಲ. ನಮ್ಮ ಠಾಣೆಯ ಸಿಬ್ಬಂದಿ ಬೀಟ್‌ಗೆ ಬರುವುದು ಸ್ವಂತ ಬೈಕ್‌ನಲ್ಲಿ. ಜೀಪ್ ಇರುವುದು ಒಂದು. ಅದು ಅಧಿಕಾರಿಗೂ ಬೇಕು, ಆರೋಪಿಯನ್ನು ಕೋರ್ಟಿಗೆ ಕರೆದೊಯ್ಯಲೂ ಬೇಕು, ಶವ ಪರೀಕ್ಷೆಗೂ ಬೇಕು. ಮಳೆಗಾಲದಲ್ಲಿ ರೈನ್‌ಕೋಟ್ ಹಾಕಿಕೊಂಡು ಕೆಸರಿನಲ್ಲಿ ಬೈಕ್ ತಳ್ಳಿಕೊಂಡು ಬಂದ ಯುವ ಕಾನ್‌ಸ್ಟೆಬಲ್‌ಗೆ ಪೆಟ್ರೋಲ್ ಖರ್ಚು ಪೂರ್ತಿ ಸಿಗುತ್ತದೆಯೇ ಎಂದು ಕೇಳಿದೆ. ಆತ ಉತ್ತರಿಸಲಿಲ್ಲ, ಮಾತು ಬದಲಾಯಿಸಿದ.

ಮಾನ್ಯರೇ, ಆದ್ದರಿಂದ ನಮ್ಮ ಮನವಿ ಇಷ್ಟು. ಬೀಟ್ ಸಿಬ್ಬಂದಿಯನ್ನು ಠಾಣೆಯ ಸಾಮಾನ್ಯ ಬಲದಿಂದ ಬೇರೆಯಾಗಿ ಮಂಜೂರು ಮಾಡಿ. ಪ್ರತಿ ಗ್ರಾಮೀಣ ಠಾಣೆಯಲ್ಲೂ ಕೆಲವರನ್ನಾದರೂ ಬೀಟ್‌ಗೆಂದೇ ಗುರುತಿಸಿ, ಅವರನ್ನು ಜಿಲ್ಲೆಯ ಹೊರಗಿನ ಬಂದೋಬಸ್ತಿಗೆ ಕಳುಹಿಸುವಂತಿಲ್ಲ ಎಂದು ಲಿಖಿತ ಆದೇಶ ಹೊರಡಿಸಿ. ಅನಿವಾರ್ಯವಾಗಿ ಕಳುಹಿಸಲೇಬೇಕಾದರೆ ಪೊಲೀಸ್ ವರಿಷ್ಠಾಧಿಕಾರಿಯವರು ಕಾರಣ ಬರೆದು, ಬದಲಿ ವ್ಯಕ್ತಿಯ ಹೆಸರು ಸೂಚಿಸಿಯೇ ಕಳುಹಿಸಲಿ. ಅವರ ಅವಧಿ ಕನಿಷ್ಠ ಮೂರು ವರ್ಷವಿರಲಿ, ಬಡ್ತಿಯ ಹೊರತು ಮಧ್ಯೆ ವರ್ಗಾವಣೆ ಬೇಡ. ಒಒಡಿ ಮೇಲೆ ಬೇರೆ ಕಚೇರಿಗಳಲ್ಲಿರುವ ಠಾಣಾ ಸಿಬ್ಬಂದಿಯ ಪಟ್ಟಿಯನ್ನು ಜಿಲ್ಲಾವಾರು ಪ್ರಕಟಿಸಿ, ಅವರನ್ನು ಮರಳಿ ಠಾಣೆಗೆ ಕಳುಹಿಸಿ. ಇದಕ್ಕೆ ಹೊಸ ನೇಮಕಾತಿಯೂ ಬೇಡ, ಬಜೆಟ್ಟೂ ಬೇಡ. ಘಟ್ಟದ ತಾಲ್ಲೂಕುಗಳಲ್ಲಿ ಕ್ಲಸ್ಟರ್ ನಿರ್ಧರಿಸುವಾಗ ಮನೆಗಳ ಜೊತೆಗೆ ದೂರವನ್ನೂ ಲೆಕ್ಕ ಹಾಕಿ. ಬೀಟ್‌ಗೆ ಇಲಾಖೆಯ ಬೈಕ್, ಓಡಿದಷ್ಟಕ್ಕೆ ಪೆಟ್ರೋಲ್, ನೆಟ್‌ವರ್ಕ್ ಇಲ್ಲದ ಕಡೆ ಕಾಗದದ ಬೀಟ್ ಪುಸ್ತಕವೇ ಸಾಕು ಎಂಬ ಅನುಮತಿ ಕೊಡಿ. ಲೈನ್ ಮನೆ ಮತ್ತು ಹಾಡಿಗಳಿರುವ ಬೀಟ್‌ಗಳಲ್ಲಿ ಮಹಿಳಾ ಸಿಬ್ಬಂದಿ ಕಡ್ಡಾಯವಾಗಿರಲಿ. ಅವರಿಗೆ ಠಾಣೆಯಲ್ಲಿ ಬಟ್ಟೆ ಬದಲಿಸಲು, ವಿಶ್ರಾಂತಿಗೆ ಒಂದು ಕೋಣೆ, ಶೌಚಾಲಯ ಇರಲಿ.

ಬಂದೋಬಸ್ತಿಗೆ ಜನ ಎಲ್ಲಿಂದ ತರುವುದು ಎಂದು ತಾವು ಕೇಳಬಹುದು. ಅದಕ್ಕೆಂದೇ ಕೆಎಸ್‌ಆರ್‌ಪಿ (ರಾಜ್ಯ ಮೀಸಲು ಪೊಲೀಸ್ ಪಡೆ) ಇದೆ, ಜಿಲ್ಲೆಗಳಲ್ಲಿ ಸಶಸ್ತ್ರ ಮೀಸಲು ಪಡೆ ಇದೆ, ಗೃಹರಕ್ಷಕ ದಳವಿದೆ. ಅಲ್ಲಿನ ಖಾಲಿ ಹುದ್ದೆ ತುಂಬದೆ ಬೀಟ್‌ನಿಂದ ಎತ್ತಿ ತುಂಬಿಸುವುದರಿಂದ ಎರಡೂ ಕಡೆ ಕೊರತೆ ಉಳಿಯುತ್ತದೆ. ಕರಾವಳಿ ಮತ್ತು ಶಿವಮೊಗ್ಗದ ಕೋಮು ಗಲಭೆ ತಡೆಗೆ 2025ರಲ್ಲಿ ಸರ್ಕಾರ ವಿಶೇಷ ಕಾರ್ಯಪಡೆ ರಚಿಸಿದಾಗ ನಕ್ಸಲ್ ನಿಗ್ರಹ ದಳದಿಂದ ಸಿಬ್ಬಂದಿಯನ್ನು ಆ ಕಡೆಗೆ ತಿರುಗಿಸಿತು. ಮನಸ್ಸಿದ್ದರೆ ಜನ ಸಿಗುತ್ತಾರೆ ಎಂಬುದಕ್ಕೆ ಅದೇ ಪುರಾವೆ. ಮಲೆನಾಡಿನ ಕಾಡು, ಹಾಡಿ, ದಾರಿಗಳನ್ನು ವರ್ಷಗಟ್ಟಲೆ ನಡೆದು ಬಲ್ಲ ಆ ದಳದಲ್ಲಿ ಇನ್ನೂ ಉಳಿದಿರುವವರ ಪೈಕಿ ಆಸಕ್ತರನ್ನು ಸೂಕ್ತ ತರಬೇತಿ ಕೊಟ್ಟು ಇಲ್ಲಿನ ಠಾಣೆಗಳ ಬೀಟ್‌ಗೆ ನಿಯೋಜಿಸಬಹುದೇ ಎಂಬುದನ್ನೂ ದಯವಿಟ್ಟು ಪರಿಶೀಲಿಸಿ. ಬಂದೂಕು ಹಿಡಿದು ಬಂದವರೇ ಬರಿಗೈಯಲ್ಲಿ ಮತ್ತೆ ಅದೇ ಬಾಗಿಲಿಗೆ ಬಂದು ಮಾತನಾಡಿಸಿದರೆ ಅದರ ಪರಿಣಾಮ ಏನು ಎಂಬುದನ್ನು ಹಾಡಿಯ ಹಿರಿಯರನ್ನೇ ಕೇಳಿ ತೀರ್ಮಾನಿಸಬೇಕು. ಕೆಲವು ಕಡೆ ಅದು ಒಪ್ಪಿತವಾಗದೆಯೂ ಇರಬಹುದು.

ನಾಗರಿಕ ಸದಸ್ಯರಾದ ನಮ್ಮ ಕರ್ತವ್ಯವನ್ನೂ ಮರೆತಿಲ್ಲ. ಬೀಟ್ ಸಭೆಯನ್ನು ಗ್ರಾಮ ಪಂಚಾಯಿತಿ ಸಭಾಂಗಣದಲ್ಲಿ ನಡೆಸಲು ನಾವು ಸಿದ್ಧ. ಸಭೆಯ ನಡಾವಳಿ ಬರೆದು ಸಹಿ ಹಾಕಿ ಠಾಣೆಗೂ ವರಿಷ್ಠಾಧಿಕಾರಿಯವರ ಕಚೇರಿಗೂ ಕಳುಹಿಸುತ್ತೇವೆ. ಪಟ್ಟಿಯಲ್ಲಿ ಬೆಳೆಗಾರರ ಹೆಸರೇ ತುಂಬಿದೆ; ಕಾರ್ಮಿಕರ, ಹಾಡಿಯವರ, ಆಶಾ ಕಾರ್ಯಕರ್ತೆಯರ ಹೆಸರುಗಳನ್ನು ಸೇರಿಸಲು ನಾವು ಕೆಲವರು ಹಿಂದೆ ಸರಿಯುತ್ತೇವೆ. ಇದನ್ನು ಇತರ ಸದಸ್ಯರೊಂದಿಗೆ ಮಾತನಾಡಿಯೇ ಬರೆಯುತ್ತಿದ್ದೇನೆ.

ಮುಂದಿನ ಅರೇಬಿಕಾ ಕೊಯ್ಲು ನವೆಂಬರ್‌ನಲ್ಲಿ ಆರಂಭವಾಗುತ್ತದೆ. ಅಷ್ಟರೊಳಗೆ ಮಲೆನಾಡಿನ ಠಾಣೆಗಳ ಬೀಟ್ ಸಿಬ್ಬಂದಿಯನ್ನು ನವೆಂಬರ್‌ನಿಂದ ಮಾರ್ಚ್‌ವರೆಗೆ ಹೊರ ಬಂದೋಬಸ್ತಿನಿಂದ ಕೈಬಿಡುವ ಆದೇಶವೊಂದನ್ನಾದರೂ ಹೊರಡಿಸಬೇಕು, ಉಳಿದ ಬೇಡಿಕೆಗಳ ಬಗ್ಗೆ ಇಲಾಖೆಯ ನಿಲುವನ್ನು ಲಿಖಿತವಾಗಿ ತಿಳಿಸಬೇಕು ಎಂದು ಕೋರುತ್ತೇನೆ. ಆ ಆದೇಶದ ಪ್ರತಿಯನ್ನು ಪ್ರತಿ ಠಾಣೆಯ ಸೂಚನಾ ಫಲಕದಲ್ಲಿ, ಬೀಟ್ ಸಿಬ್ಬಂದಿಯ ಹೆಸರು ಮತ್ತು ದೂರವಾಣಿ ಸಂಖ್ಯೆಯ ಜೊತೆಗೆ, ಜನ ಓದುವಂತೆ ಹಾಕಿಸಿ.

ಗೌರವಗಳೊಂದಿಗೆ,

ತಮ್ಮ ವಿಶ್ವಾಸಿ,
ಬೀಟ್ ನಾಗರಿಕ ಸದಸ್ಯ ಹಾಗೂ ಕಾಫಿ ಬೆಳೆಗಾರ,
ಚಿಕ್ಕಮಗಳೂರು ಜಿಲ್ಲೆ